ಅಗರದ ಬೂದಿ ಮೋಲ್ಡು

ಸಿಮೆಂಟಿಗೆ ಬೂದಿ ಬೆರೆಸಿ ಮನೆ ಕಟ್ಟಿಸ್ತೀನಿ ಅಂತ ಹೊರಟವಳಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಅದನ್ನ ಹುಡುಕಿಕೊಂಡು ಹೋಗೋದೇ ಬೇಡ, ಅದೇ ನನ್ನ ಸ್ಕೂಟರ್ ಹಿಂದೆ ಹತ್ತಿ ಕೂತು ಸೈಟಿಗೆ ಬರುತ್ತೆ.

ನಾನು ಕೊಳ್ಳೇಗಾಲದಲ್ಲಿ ಮನೆ ಕಟ್ಟಿಸೋ ಒಂದು ಪುಟ್ಟ ಆಫೀಸಿನಲ್ಲಿ ಇಂಜಿನಿಯರ್. ಕೊಳ್ಳೇಗಾಲ, ಹನೂರು, ಯಳಂದೂರು, ಎಲ್ಲಿ ಸೈಟ್ ಇದ್ದರೂ ಮೇಡಂ ಹಾಜರ್. ಕೋಪ ಅನ್ನೋದು ನನ್ನ ಮೂಗಿನ ತುದೀಲೇ ಇರುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಕಡೆಯ ಜನರ ಮುಂದೆ ಆ ಕೋಪ ಬಾಳಿಕೆ ಬರೋದಿಲ್ಲ.

ಬೂದಿ ಅಂದರೆ ಯಾವ ಬೂದಿ ಅಂತ ಮೊದಲೇ ಹೇಳಿಬಿಡ್ತೀನಿ. ಕಲ್ಲಿದ್ದಲು ಉರಿಸಿ ಕರೆಂಟ್ ತಯಾರಿಸೋ ಕಡೆ ಬೆಟ್ಟದಷ್ಟು ಬೂದಿ ಉಳಿಯುತ್ತೆ. ಮುಖಕ್ಕೆ ಹಚ್ಚೋ ಪೌಡರಿನಷ್ಟು ನುಣುಪು. ಅದನ್ನ ಸುಮ್ಮನೆ ಗುಡ್ಡೆ ಹಾಕಿ ಗಾಳಿಗೆ ಬಿಡೋ ಬದಲು, ನಾಲ್ಕು ಪಾಲು ಸಿಮೆಂಟ್ ಹಾಕೋ ಕಡೆ ಮೂರು ಪಾಲು ಸಿಮೆಂಟು, ಒಂದು ಪಾಲು ಬೂದಿ ಹಾಕಿ ಕಲಸ್ತೀವಿ. ಕಾಂಕ್ರೀಟ್ ಬಿರುಕು ಬಿಡೋದು ಕಮ್ಮಿ, ಕೊನೆಗೆ ಗಟ್ಟಿಯೂ ಚೆನ್ನಾಗಿ ಆಗುತ್ತೆ. ಒಂದೇ ಕೊರತೆ ಅಂದರೆ ಬಲಿಯೋದು ನಿಧಾನ.

ಆ ನಿಧಾನವೇ ಯಳಂದೂರು ಕಡೆಯ ಹಳ್ಳಿ ಅಗರದ ಮನೆಯೊಂದರಲ್ಲಿ ಎಲ್ಲರ ಪ್ರಾಣ ತಿಂದದ್ದು. ಆ ಮನೆಯ ಯಜಮಾನಿ ಶಾಲೇಲಿ ಬಿಸಿಯೂಟ ಮಾಡೋ ಅಕ್ಕ. ಗಂಡ ತೀರಿಕೊಂಡಿದ್ದಾರೆ, ಅತ್ತೆ, ಅಂದರೆ ನಮಗೆಲ್ಲ ಅಜ್ಜಿ, ಜೊತೆಗಿದ್ದಾರೆ, ಒಬ್ಬಳೇ ಮಗಳನ್ನ ಹನೂರು ತಾಲೂಕಿನ ಹೂಗ್ಯಕ್ಕೆ ಕೊಟ್ಟಿದ್ದಾರೆ. ಹಳೇ ಹೆಂಚಿನ ಮನೆ ಗೋಡೆ ಸಮೇತ ಕುಸಿದು ಅತ್ತೆ ಸೊಸೆ ಇಬ್ಬರೂ ಹಿತ್ತಿಲ ಕೊಟ್ಟಿಗೇಲಿ ಇದ್ದರು. ಅಷ್ಟರಲ್ಲಿ ಮಗಳು ಚೊಚ್ಚಲ ಬಸುರಿ. ಮೊದಲ ಬಾಣಂತನ ತವರಲ್ಲೇ ಆಗಬೇಕು, ಅದು ನಮ್ಮಲ್ಲಿ ಇರೋ ಪದ್ಧತಿ. ಆದರೆ ಹೂಗ್ಯದ ಬೀಗಿತ್ತಿ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: ಸೂರಿಲ್ಲದ ಮನೆಗೆ ಸೊಸೇನ ಕಳಿಸೋಲ್ಲ, ಬಾಣಂತನ ನಮ್ಮೂರಲ್ಲೇ ಆಗಲಿ.

"ಊರ್ ಮಕ್ಕಳ್ಗೆಲ್ಲ ಅನ್ನ ಬೇಯ್ಸಿ ಹಾಕೀನಿ ಮೇಡಂ," ಅಂದರು ಅಕ್ಕ ಮೊದಲ ದಿನವೇ. "ನನ್ ಮಗಳ್ ಬಾಣಂತನಕ್ಕೆ ಒಂದ್ ಹಿಡಿ ಅನ್ನ ನನ್ ಕೈಲೇ ಮಾಡಿ ಹಾಕ್ಬೇಕು. ಸೂರು ಒಂದ್ ಆಗ್ಬುಡ್ಲಿ, ಇನ್ನೇನೂ ಬ್ಯಾಡ ನಂಗೆ."

ಆಗಿಸೋಣ ಅಕ್ಕ ಅಂದುಬಿಟ್ಟೆ.

೧. ಯಾವ ಬೂದಿ?

ಬೂದಿ ಚೀಲ ಇಳಿಸಿದ ದಿನ ಅಜ್ಜಿ ಬಾಗಿಲ ಕಲ್ಲಿನ ಮೇಲೆ ಎಲೆಅಡಿಕೆ ಅಗಿಯುತ್ತಾ ಕೂತಿದ್ದರು. ಚೀಲದಲ್ಲಿ ಏನಿದೆ ಅಂತ ಕೇಳಿದರು. ಹೇಳಿದೆ.

"ಬೂದಿಯಾ? ಅಟ್ಟಿ ಕಟ್ಟಾಕ್ ಬಂದಿದ್ದೀಯೋ, ಅಟ್ಟಿಗೆ ಬೂದಿ ಸುರಿಯಾಕ್ ಬಂದಿದ್ದೀಯೋ ನೀನು?"

"ಅಜ್ಜಿ, ಇದು ಒಳ್ಳೇ ಬೂದಿ."

"ಒಳ್ಳೇದು ಅಂದ್ರೆ? ಮಾದಪ್ಪನ್ ಬೆಟ್ಟದ್ದಾ?"

"ಅಲ್ಲ."

"ಸುಡುಗಾಡ್ದಾ?"

"ಬಿಡ್ತು ಅನ್ನಿ ಅಜ್ಜಿ! ಕರೆಂಟ್ ತಯಾರ್ ಮಾಡೋ ಕಡೆಯಿಂದ ಬಂದದ್ದು."

ಅಜ್ಜಿ ಅಗಿಯೋದು ನಿಲ್ಲಿಸಿದರು. ಎದ್ದು ಕೊಟ್ಟಿಗೆಗೆ ಹೋಗಿ ಸೊಸೆಯ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಕೈಯಲ್ಲಿ ಒಂದು ಒಣಗಿದ ಕೋಲು ಹಿಡಿದು ಬಂದರು. ದೂರದಲ್ಲೇ ನಿಂತು ಚೀಲವನ್ನ ಕೋಲಿನಿಂದ ಮೆಲ್ಲಗೆ ತಿವಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ತಿವಿದರು.

"ಏನಜ್ಜಿ ಇದು?" ಅಂದೆ.

"ವಸಿ ಕರೆಂಟು ಒಳೀಕೇ ಉಳ್ಕಂಡಿದ್ರೆ?"

ಹೊಟ್ಟೆ ಹಿಡ್ಕೊಂಡು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಮ್ಮ ಮೇಸ್ತ್ರಿ. ಅಜ್ಜಿ ಬೈದುಕೊಂಡು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಅಳತೆ ಟೇಪು ಎತ್ತಿಕೊಂಡು ತಿರುಗಿ ನೋಡ್ತೀನಿ, ಮೇಸ್ತ್ರಿ ಅದೇ ಚಪ್ಪಲಿ ಮೆಟ್ಟಿಕೊಂಡು ಚೀಲ ಎತ್ತುತ್ತಾ ಇದ್ದಾನೆ.

೨. ಗುಡ್ಡೆ ಕಟ್ಟಿದ ಸೇರು

ಮೋಲ್ಡ್ ಹಾಕೋದು, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯೋದು, ಮನೆ ಕೆಲಸದಲ್ಲೇ ದೊಡ್ಡ ದಿನ. ಅದರ ಹಿಂದಿನ ದಿನ ಹೋಗಿ ಚೀಲ ಬಿಚ್ಚಿ ನೋಡಿದರೆ ಒಂದು ಚೀಲದ ಬೂದಿ ಮೇಲೆಲ್ಲ ಕಪ್ಪು ಕಪ್ಪು. ಕೈ ಹಾಕಿದೆ. ಇದ್ದಿಲ ಚೂರು ಬಂತು. ಇನ್ನೂ ಒಳಗೆ ಕೈ ಹಾಕಿದರೆ ಸುಟ್ಟ ಬದನೆಕಾಯಿ ತೊಟ್ಟು.

"ಅಕ್ಕಾ!" ಅಂತ ಕೂಗಿದೆ. ಬೀದಿಗೆಲ್ಲ ಕೇಳಿಸಿರಬೇಕು, ಅಕ್ಕನ ಜೊತೆ ಅಕ್ಕಪಕ್ಕದ ಹೆಂಗಸರೂ ಬಂದರು. ಎದುರು ಮನೆಯಾಕೆ ಯಾವ ಅಳುಕೂ ಇಲ್ಲದೆ ಮುಂದೆ ಬಂದು ವಿಷಯ ಬಿಡಿಸಿ ಹೇಳಿದರು.

ಆಗಿದ್ದು ಇಷ್ಟೇ. ಅಜ್ಜಿ ಬಿತ್ತನೆ ಅವರೆಕಾಳಿಗೆ ಹುಳ ಬೀಳದಿರಲಿ ಅಂತ ನನ್ನ ಚೀಲದಿಂದ ಒಂದು ಸೇರು ಬೂದಿ ತಗೊಂಡು ಬೆರೆಸಿ ಇಟ್ಟಿದ್ದಾರೆ. ಅದನ್ನ ನೋಡಿ ಎದುರು ಮನೆಯಾಕೆ ಪಾತ್ರೆ ಬೆಳಗೋಕೆ ಅಂತ ಒಂದು ಸೇರು ಒಯ್ದಿದ್ದಾರೆ. ಆಮೇಲೆ ಪಕ್ಕದವರು ಬದನೆ ಗಿಡಕ್ಕೆ ಎರಚೋಕೆ ಒಂದು ಸೇರು. ಆದರೆ ನಮ್ಮ ಹಳ್ಳಿಗಳಲ್ಲಿ ಕಡ ತಂದದ್ದನ್ನ ಹಾಗೇ ಉಳಿಸಿಕೊಳ್ಳೋದಿಲ್ಲ. ಉಪ್ಪಾಗಲಿ, ಕಾಫಿಪುಡಿ ಆಗಲಿ, ತಂದಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ವಾಪಸ್ ಹೋಗಬೇಕು. ಎಲ್ಲರೂ ತಂತಮ್ಮ ಒಲೆಯ ಬೂದಿಯನ್ನ ಸೇರಿಗೆ ಗುಡ್ಡೆ ಕಟ್ಟಿ ತಂದು ಚೀಲಕ್ಕೆ ಸುರಿದು ಹೋಗಿದ್ದರು.

"ಒಬ್ರೂ ಉಳ್ಸ್ಕಂಡಿಲ್ಲ ಕಣ್ರಿ ಮೇಡಂ," ಅಂದರು ಎದುರು ಮನೆಯಾಕೆ. "ನೀವು ಕೊಟ್ಟಿದ್ಕಿಂತ ವಸಿ ಜಾಸ್ತೀನೇ ಅದೆ, ಬೇಕಾದ್ರೆ ತೂಗಿ ನೋಡಿ."

ಇಷ್ಟು ಪ್ರಾಮಾಣಿಕರನ್ನ ಏನಂತ ಬೈಯೋದು? ಆ ಚೀಲ ಬದಿಗಿಟ್ಟು ಹೊಸ ಚೀಲ ತರೋಕೆ ಕೊಳ್ಳೇಗಾಲಕ್ಕೆ ಸ್ಕೂಟರ್ ತಿರುಗಿಸಿದೆ. ಆಕೆ ಹಿಂದಿನಿಂದ ಓಡಿ ಬಂದು ನನ್ನ ಕಿವಿ ಹತ್ತಿರ ಹೇಳಿದರು:

"ಬೇಜಾರ್ ಮಾಡ್ಕಬೇಡಿ ಮೇಡಂ. ನಿಮ್ ಬೂದೀಲಿ ಪಾತ್ರೆ ಒಳಪೇ ಬರ್ನಿಲ್ಲ. ನಮ್ ಒಲೇದೇ ವಾಸಿ, ಅದನ್ನೇ ಹಾಕುಸ್ಬುಡಿ."

೩. ಹೆಬ್ಬೆಟ್ಟಿನ ಗುರುತು

ಮೋಲ್ಡ್ ಹಾಕಿದ್ದಾಯ್ತು. ಮೂಲೆಯಲ್ಲಿ ಪೂಜೆ, ಕೆಲಸದವರಿಗೆಲ್ಲ ಅಕ್ಕನ ಕೈಯ ಊಟ, ಅಜ್ಜಿಯ ದೃಷ್ಟಿ ತೆಗೆಯೋದು, ಎಲ್ಲ ಸಾಂಗವಾಗಿ ನಡೀತು. ಸಂಜೆ ಹೊತ್ತಿಗೆ ಹೂಗ್ಯದಿಂದ ಬೀಗಿತ್ತಿ ಬಂದಿಳಿದರು. ಹನೂರಲ್ಲಿ ಬಸ್ ಬದಲಾಯಿಸಿ, ಕೊಳ್ಳೇಗಾಲದಲ್ಲಿ ಮತ್ತೆ ಬದಲಾಯಿಸಿ, ಸುಸ್ತಾಗಿ ಬಂದವರು ನೀರೂ ಕುಡಿಯದೆ ಏಣಿ ಹತ್ತಿ ಮೋಲ್ಡಿನ ಅಂಚಿಗೆ ಹೆಬ್ಬೆಟ್ಟು ಒತ್ತಿದರು. ಬೆರಳಿನ ಗುರುತು ಮೂಡಿತು.

"ಇದೇನವ್ವ, ಇನ್ನೂ ಹಸಿ! ನಮ್ಮೂರಲ್ಲಿ ಬೆಳಿಗ್ಗೆ ಹಾಕಿದ್ ಮೋಲ್ಡು ಸಂಜೀಗೆ ಕಲ್ಲಾಗಿರ್ತದೆ."

ಬೂದಿ ಇರೋದರಿಂದ ನಿಧಾನ, ಮೋಡ ಬೇರೆ ಮುಚ್ಚಿದೆ, ಮೋಲ್ಡಿಗೆ ಕೆಳಗಿನಿಂದ ಆಸರೆ ಕೊಟ್ಟ ಕಂಬಗಳನ್ನೂ ಮಾಮೂಲಿಗಿಂತ ಹೆಚ್ಚು ದಿನ ಬಿಡ್ತೀವಿ ಅಂತ ನಾನು ವಿವರಿಸಿದೆ. ಅವರು ಗಡಿ ಕಡೆಯವರು, ಮಾತಲ್ಲಿ ತಮಿಳೂ ಬೆರೆಯುತ್ತೆ. "ಪಾಕ್ಕಲಾಂ, ನೋಡಣ ನೋಡಣ. ಆದ್ರೆ ಕಂಬ ನಿಂತಿರಾ ಅಟ್ಟಿಗೆ ನನ್ ಸೊಸೆ ಬರಾದಿಲ್ಲ" ಅಂದರು.

ಕೆಳಗೆ ನಿಂತಿದ್ದ ಅಕ್ಕನ ಮುಖ ಸಣ್ಣಗಾಯಿತು. ಆದರೆ ಅಕ್ಕ ಬಿಟ್ಟುಕೊಡೋ ಪೈಕಿ ಅಲ್ಲ. ಸೆರಗು ಸಿಗಿಸಿಕೊಂಡು ಅಂದರು:

"ನಿಧಾನ್ವಾಗಿ ಬಲ್ತಿದ್ದೇ ಗಟ್ಟಿ ಕಣ್ರಿ ಬೀಗ್ರೇ. ಆತ್ರ ಬಿದ್ದದ್ದು ಯಾವ್ದೂ ಬಾಳಾದಿಲ್ಲ."

ಬೀಗಿತ್ತಿ ಏಣಿಯಿಂದ ಒಂದೊಂದೇ ಮೆಟ್ಟಿಲು ಇಳಿದು ನೆಲ ಮುಟ್ಟಿ, ಸೀರೆ ನೆರಿಗೆ ಸರಿ ಮಾಡಿಕೊಂಡು ಅಂದರು:

"ದಿಟ ಬುಡಿ. ನಿಮ್ ಮಗಳ್ಗೂ ಬೂದಿ ಬೆರ್ಸೇ ಕಳ್ಸಿದ್ದೀರಾ ಅಂತ ಕಾಣ್ತದೆ. ಬೆಳಿಗ್ಗೆ ಕೂಗುದ್ರೆ ಮದ್ಯಾನ್ಕೆ ಏಳ್ತಾಳೆ."

ಅಕ್ಕನಿಗೇ ಮೊದಲು ನಗು ಬಂದದ್ದು.

೪. ತಾರಸಿ ಮೇಲೆ ಪೈರು

ಬೂದಿ ಕಾಂಕ್ರೀಟಿಗೆ ನೀರು ತಪ್ಪಲೇಬಾರದು. ಮೋಲ್ಡಿನ ಮೇಲೆ ಮಣ್ಣಿನಿಂದ ಚೌಕ ಚೌಕವಾಗಿ ಪಾತಿ ಕಟ್ಟಿ ಸದಾ ನೀರು ನಿಲ್ಲಿಸಿರಬೇಕು. ನಾನು ಅಜ್ಜಿಗೂ ಅಕ್ಕನಿಗೂ ಕೈಮುಗಿದು ಹೇಳಿದ್ದೆ. ಆಮೇಲೆ ಹನೂರಿನ ಸೈಟಿನಲ್ಲಿ ಸಿಕ್ಕಿಹಾಕಿಕೊಂಡು ಮೂರು ವಾರ ಅಗರದ ಕಡೆ ಹೋಗೋಕಾಗಲಿಲ್ಲ. ಫೋನ್ ಮಾಡಿದಾಗೆಲ್ಲ "ನೀರ್ ಬುಟ್ಟಿವಿ ಮೇಡಂ, ಯೋಚ್ನೆ ಮಾಡಬೇಡಿ" ಅಂತಿದ್ದರು. ನಾನು ಯೋಚನೆ ಮಾಡುತ್ತಲೇ ಇದ್ದೆ.

ಕೊನೆಗೆ ಒಂದು ದಿನ ಯಳಂದೂರು ರಸ್ತೆಯಲ್ಲಿ ಬಂದವಳು ದೂರದಿಂದಲೇ ಸ್ಕೂಟರ್ ನಿಲ್ಲಿಸಿಬಿಟ್ಟೆ. ಮನೆಯ ತಾರಸಿ ಹಸಿರಾಗಿತ್ತು. ಪಾಚಿ ಇರಬೇಕು ಅಂದುಕೊಂಡು ಏಣಿ ಹತ್ತಿದೆ. ಪಾಚಿ ಎಲ್ಲಿ ಬಂತು? ಭತ್ತದ ಸಸಿ! ಗೇಣುದ್ದ, ಒತ್ತೊತ್ತಾಗಿ, ಗಾಳಿಗೆ ತೂಗುತ್ತಾ ನಿಂತಿದೆ.

"ಅಜ್ಜೀ! ಏನ್ರೀ ಇದು?"

"ಒಟ್ಲು ಕಣವ್ವ," ಅಂದರು ಅಜ್ಜಿ ಕೆಳಗಿನಿಂದ, ಒಟ್ಲು ಅಂದರೆ ನಾಟಿ ಸಸಿಯ ಮಡಿ, ನನಗೆ ಅಷ್ಟೂ ಗೊತ್ತಿಲ್ಲವಲ್ಲ ಅನ್ನೋ ದನಿಯಲ್ಲಿ. "ಬದ ಕಟ್ಟಿ ನೀರ್ ನಿಲ್ಸುದ್ ಮ್ಯಾಕೆ ಬರೀ ನೀರ್ ನೋಡ್ಕಂಡ್ ಕುಂತ್ಕಳಾಕ್ ಆದದಾ? ವಸಿ ಕೆರೆ ಗೋಡುಮಣ್ಣು ಹರ್ವಿ ಭತ್ತ ಚೆಲ್ದೆ."

"ಇದು ಮನೆ ಅಜ್ಜಿ, ಗದ್ದೆ ಅಲ್ಲ!"

ಕೂಗಾಡುತ್ತಲೇ ಕೂತು ಸಸಿಯ ಬುಡ ಸರಿಸಿ ಕಾಂಕ್ರೀಟ್ ಮುಟ್ಟಿ ನೋಡಿದೆ. ಒಂದು ಕೂದಲೆಳೆ ಬಿರುಕಿಲ್ಲ. ಒಂದು ಮೂಲೆಯೂ ಒಣಗಿಲ್ಲ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಚೆನ್ನಾಗಿ ನೀರು ಕಂಡ ಮೋಲ್ಡನ್ನ ನಾನು ನೋಡಿರಲಿಲ್ಲ. ಏಣಿ ಇಳಿದು ಬಂದೆ.

"ಸಿಮೆಂಟಿಗೆ ನೀರ್ ಆಕಿ ಅಂದ್ರೆ ಒಂದ್ಕಿತ ಮರ್ತ್ಬುಟ್ಟೇವು," ಅಂದರು ಅಜ್ಜಿ ಸಮಾಧಾನ ಮಾಡೋ ಹಾಗೆ. "ಪೈರಿಗೆ ಆಕಾದ್ನ ಮರೀತೀವಾ?"

ಆ ವಾರ ಸಸಿ ಕಿತ್ತು ಗದ್ದೆಗೆ ನಾಟಿ ಮಾಡಿದರು. ಬೀದಿಯಲ್ಲಿ ಆಮೇಲೆ ಇಬ್ಬರು ನನ್ನನ್ನ ತಡೆದು ಕೇಳಿದರು, ನಮ್ಮ ಮನೆಗೂ ಮೋಲ್ಡ್ ಹಾಕಿಕೊಡಿ ಮೇಡಂ ಅಂತ. ಖುಷಿಯಾಗಿ ಎಷ್ಟು ಚದರ ಅಂತ ಕೇಳಿದೆ. "ಎಲ್ಡ್ ಎಕ್ರೆ ಗದ್ದೆ ಅದೆ, ಅಷ್ಟುಕ್ ಸಾಕಾಗಂಗೆ ಪೈರು ಬರ್ಬೇಕು" ಅಂದರು.

೫. ಮೂರು ಕಲ್ಲು

ಮೋಲ್ಡ್ ಹಾಕಿದ ದಿನವೇ ಅದೇ ಕಾಂಕ್ರೀಟಿನಲ್ಲಿ ಮೂರು ಚೌಕದ ಕಲ್ಲು ಎರಕ ಹೊಯ್ದು ಹಿತ್ತಿಲ ಡ್ರಮ್ಮಿನ ನೀರಲ್ಲಿ ಮುಳುಗಿಸಿ ಇಟ್ಟಿದ್ದೆ. ಕ್ಯೂಬು ಅಂತೀವಿ. ದಿನ ತುಂಬಿದ ಮೇಲೆ ಅವನ್ನ ಯಂತ್ರದಲ್ಲಿಟ್ಟು ಒಡೆದು ನೋಡಿದರೆ ಮೋಲ್ಡು ಎಷ್ಟು ಬಲಿತಿದೆ ಅಂತ ಗೊತ್ತಾಗುತ್ತೆ. ಅದು ಗೊತ್ತಾಗದೆ ಕೆಳಗಿನ ಕಂಬ ಬಿಚ್ಚೋ ಹಾಗಿಲ್ಲ.

ಅಷ್ಟರಲ್ಲಿ ಮಗಳಿಗೆ ದಿನಕ್ಕೆ ಮುಂಚೆಯೇ ಹೆರಿಗೆ ಆಯ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ, ಹೆಣ್ಣು ಕೂಸು, ಇಬ್ಬರೂ ಕ್ಷೇಮ. ಅಕ್ಕ ನನಗೆ ಫೋನ್ ಮಾಡಿ ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. "ಬೀಗ್ರು ವ್ಯಾನ್ ಹೇಳವ್ರೆ ಮೇಡಂ. ನಾಳೀಕೆ ಆಸ್ಪತ್ರೆಯಿಂದ ಬುಡ್ತಾರೆ. ಕಂಬ ಇದ್ರೆ ಊಗ್ಯಕ್ಕೇ ಕರ್ಕಂಡೋಯ್ತೀನಿ ಅಂತ ಕುಂತವ್ರೆ."

ಕ್ಯೂಬ್ ತಗೊಂಡು ಹೋಗೋಣ ಅಂತ ಅಗರಕ್ಕೆ ಹಾರಿಬಂದೆ. ಡ್ರಮ್ಮಿಗೆ ಕೈ ಹಾಕಿದೆ. ಬರೀ ನೀರು. ಮೊಣಕೈವರೆಗೂ ತಡಕಾಡಿದೆ. ಇಲ್ಲ.

ಹಿತ್ತಿಲ ಆ ಮೂಲೆಯಲ್ಲಿ ಹೊಗೆ ಏಳ್ತಾ ಇತ್ತು. ಹೋಗಿ ನೋಡಿದರೆ ನನ್ನ ಮೂರು ಕ್ಯೂಬು ಮೂರು ಒಲೆಗಲ್ಲಾಗಿ ಕೂತಿವೆ. ಅರಿಶಿನ ಕುಂಕುಮ ಬೇರೆ ಹಚ್ಚಿದೆ. ಮೇಲೆ ಅಜ್ಜಿಯ ಕಾಲದ ದೊಡ್ಡ ತಾಮ್ರದ ಹಂಡೆ, ಕೆಳಗೆ ಧಗಧಗ ಬೆಂಕಿ.

"ಅಜ್ಜೀ, ಹಾಳ್ ಮಾಡಿಬಿಟ್ರಲ್ಲ!" ನನ್ನ ದನಿ ಒಡೆದೇ ಹೋಯ್ತು.

ಅಜ್ಜಿ ಗಾಬರಿಯಾಗಿ ಎದ್ದರು. "ಯಾಕವ್ವ? ನೀನೇ ಅಲ್ವಾ ಮಾಡಿ ಮಡಗಿದ್ದು? ಮೂರೂ ಒಂದೇ ಅಳ್ತೆ, ನೀರಲ್ಲಿ ನೆನೆ ಹಾಕಿ ಮಡಗಿದ್ದೆ. ಮೂರು ಅಂದ್ರೆ ಒಲೆಗಲ್ಲೇ ಅಲ್ವಾ? ಬಾಣಂತಿ ನೀರೊಲೆಗೆ ಅಂತ ಈ ಕೂಸು ಎಷ್ಟ್ ಗ್ಯಾನ ಮಡಿಕಂಡದೆ ಅಂದ್ಕಂಡು ಕಣ್ಣಲ್ಲಿ ನೀರ್ ಬಂದ್ಬುಡ್ತು ನಂಗೆ."

ಇನ್ನೇನು ಬೈತೀರಿ? ಹೋಗಿ ಅವರ ಕೈ ಹಿಡ್ಕೊಂಡೆ, ಅಷ್ಟೇ. ಬೆಂಕಿ ಕಂಡ ಕ್ಯೂಬು ಪರೀಕ್ಷೆಗೆ ಬರೋದಿಲ್ಲ. ಮತ್ತೆ ಕೊಳ್ಳೇಗಾಲಕ್ಕೆ ಓಡಿ ಆಫೀಸಿನಲ್ಲಿದ್ದ ಸ್ಪ್ರಿಂಗಿನ ಸುತ್ತಿಗೆ ತಂದೆ. ಕಾಂಕ್ರೀಟಿಗೆ ಒತ್ತಿದರೆ ಅದು ಪುಟಿದು ಎಷ್ಟು ಗಟ್ಟಿ ಅಂತ ಅಂಕಿ ತೋರಿಸುತ್ತೆ. ಏಣಿ ಇಟ್ಟು ಇಲ್ಲಿ ಒತ್ತಿದೆ, ಅಲ್ಲಿ ಒತ್ತಿದೆ, ಮೂಲೆ ಮೂಲೆಗೂ ಒತ್ತಿದೆ. ಮೇಸ್ತ್ರಿ ಏಣಿ ಹಿಡಿದು ನಿಂತಿದ್ದ. ಅಂಕಿ ಎಲ್ಲ ಕಡೆಯೂ ಬೇಕಾದ್ದಕ್ಕಿಂತ ಚೆನ್ನಾಗೇ ಬಂತು.

"ಬಿಚ್ಚಿ ಮೇಸ್ತ್ರಿ!" ಅಂತ ಕೂಗಿದೆ.

ಸುತ್ತಿಗೆ ಪೆಟ್ಟಿಗೆಗೆ ಇಡೋಕೆ ಹೋದೆ. ಅಜ್ಜಿ ಸೀರೆ ಮೊಣಕಾಲವರೆಗೂ ಎತ್ತಿಕೊಂಡು ಅಡ್ಡ ನಿಂತರು. "ಅಂಗೇ ನನ್ ಮಂಡೀಗೂ ಒಂದ್ಕಿತ ಇಟ್ ನೋಡ್ಬುಡವ್ವ. ಏಳಾಕ್ ಆಗದೇ ಇಲ್ಲ."

೬. ಪೂರ್ತಿ ಬಲಿಯೋವರೆಗೂ

ಮಾರನೇ ದಿನ ವ್ಯಾನು ಹೂಗ್ಯದ ಕಡೆ ಹೋಗದೆ ಅಗರಕ್ಕೆ ಬಂತು. ಗೋಡೆಗೆ ಗಾರೆ ಆಗಿರಲಿಲ್ಲ, ಬಾಗಿಲಿಗೆ ಬಣ್ಣ ಇರಲಿಲ್ಲ. ಹಾಲುಕ್ಕಿಸೋದು ಆಮೇಲೆ ನೋಡಿದರಾಯ್ತು, ಮೊದಲು ಕೂಸು ಬರಲಿ ಅಂದರು ಅಜ್ಜಿ. ಅಕ್ಕ ಆರತಿ ಎತ್ತಿ ಮಗಳನ್ನೂ ಮೊಮ್ಮಗಳನ್ನೂ ಒಳಗೆ ಕರೆದುಕೊಂಡಾಗ ನಾನು ಕಣ್ಣಿಗೆ ಸಿಮೆಂಟ್ ಧೂಳು ಬಿತ್ತು ಅಂತ ಆಚೆ ತಿರುಗಿಕೊಂಡೆ.

ಹಿಂದೆಯೇ ಬೀಗಿತ್ತಿ ಬಂದರು. ನೆಲ ನೋಡಲಿಲ್ಲ, ಗೋಡೆ ನೋಡಲಿಲ್ಲ. ತಲೆ ಎತ್ತಿ ತಾರಸಿಯನ್ನೇ ನೋಡುತ್ತಾ ಹೊಸಿಲು ದಾಟಿ ಎಡವಿದರು.

"ಗಟ್ಟಿ ಆಗಿದೆ, ಹೆದರಬೇಡಿ," ಅಂದೆ. "ಇನ್ನು ಮೇಲೂ ಬಲೀತಾನೇ ಹೋಗುತ್ತೆ."

"ಅಂದ್ರೆ ಇನ್ನೂ ಬಲ್ತಿಲ್ಲ ಅನ್ನಿ."

"ಬೇಕಾದಷ್ಟು ಬಲಿತಿದೆ. ಇನ್ನೂ ಬಲಿಯುತ್ತೆ."

ಅವರು ತಲೆಯಾಡಿಸಿದರು. ವ್ಯಾನಿನವನಿಗೆ ಹೋಗು ಅಂದರು. ಕೂಸಿನ ಪಕ್ಕದಲ್ಲೇ ಚಾಪೆ ಹಾಸಿ, ಕೂಸಿಗೆ ಮರೆಯಾಗೋ ಹಾಗೆ ಮಗ್ಗುಲಾಗಿ ಮಲಗಿ ಅಂದರು: "ಏನಾರ ಆದ್ರೂ ಮೊದ್ಲು ನನ್ ಮ್ಯಾಲೆ ಬೀಳ್ಲಿ. ಇದು ಪೂರ್ತಿ ಬಲೀಲಿ, ಆಮ್ಯಾಕೆ ಓಯ್ತೀನಿ."

ಆ ಮಾತಿಗೆ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಕರಗಿತು. ಅಕ್ಕನ ಕಣ್ಣೂ ತುಂಬಿತ್ತು. "ಎಂಥಾ ಜೀವ ನೋಡಿ ಮೇಡಂ," ಅಂದರು.

ಗಾರೆ ಕೆಲಸ ಶುರು ಮಾಡಿಸೋಕೆ ಮತ್ತೆ ಹೋದಾಗ ಅಕ್ಕ ಹಾಗನ್ನಲಿಲ್ಲ. ನನ್ನ ತೋಳು ಹಿಡಿದು ಸೀದಾ ಅಡುಗೆಮನೆಗೆ ಎಳೆದುಕೊಂಡು ಹೋದರು.

"ಮೇಡಂ, ಕೈಮುಗೀತೀನಿ. ಒಂದಿಡಿ ಅನ್ನ ನನ್ ಕೈಲಿ ಮಾಡಿ ಹಾಕ್ಬೇಕು ಅಂದಿದ್ನಲ್ಲ, ಒಲೆ ಮುಂದ್ಕೆ ಓಗಾಕೇ ಬುಡಾಕಿಲ್ಲ ನಮ್ ಬೀಗಿತ್ತಿ. ನಾನ್ ಮೆಣಸಿನ್ ಸಾರು ಮಾಡುದ್ರೆ ಬೆಳ್ಳುಳ್ಳಿ ಕಮ್ಮಿ ಅಂತದೆ. ಕೂಸಿಗೆ ನೀರ್ ಹುಯ್ಯಾಕೋದ್ರೆ ಚೊಂಬು ಕಿತ್ಕತದೆ. ಇಸ್ಕೂಲಲ್ಲಿ ಊರ್ ಮಕ್ಕಳ್ಗೆ ಬೇಯ್ಸಾಕ್ತೀನಿ, ನನ್ ಮಗಳ್ಗೆ ಒಂದ್ ಲೋಟ ಬಿಸ್ನೀರ್ ಕೊಡಾಕೂ ಆಯಮ್ಮನ್ ಕೇಳ್ಬೇಕು."

"ಅಯ್ಯೋ ಅಕ್ಕ, ನಾನೇನು ಮಾಡಲಿ?"

"ಮೋಲ್ಡು ಪೂರ್ತಿ ಬಲೀತು, ಇನ್ ಬಲಿಯಾಕೆ ಏನೂ ಉಳ್ದಿಲ್ಲ ಅಂತ ಒಂದ್ ಮಾತು ಹೇಳ್ಬುಡಿ. ಓದಿರೋರ್ ಮಾತು ನಂಬ್ತಾರೆ."

"ಸುಳ್ಳಾಗುತ್ತಲ್ಲ ಅಕ್ಕ. ಬೂದಿ ಕಾಂಕ್ರೀಟು ವರ್ಷಗಟ್ಟಲೆ ಬಲೀತಾನೇ ಇರುತ್ತೆ," ಅಂದೆ. ಮೆಲ್ಲಗೇ ಅಂದೆ. ಆದರೆ ಗಾರೆ ಇಲ್ಲದ ಗೋಡೆ ನೋಡಿ, ಆ ಕಡೆಯಿಂದ ಈ ಕಡೆಗೆ ಎಲ್ಲ ಕೇಳಿಸುತ್ತೆ.

ಬೀಗಿತ್ತಿ ಕೂಸನ್ನ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು ನಿಂತರು.

"ವರ್ಸಗಟ್ಲೆಯಾ ಮೇಡಂ?"

ನಾನು ಬಾಯಿ ತೆರೆಯೋ ಮೊದಲೇ ಅವರು ಅಕ್ಕನ ಕಡೆ ತುಂಬು ಪ್ರೀತಿಯಿಂದ ತಿರುಗಿದರು.

"ಅಂಗಾರೆ ಬೀಗ್ರೇ, ಊಗ್ಯದಿಂದ ನನ್ ಎಮ್ಮೇನೂ ಇಲ್ಲಿಗೇ ಹೊಡ್ಸ್ಕಂಡ್ಬುಡ್ತೀನಿ. ಕೊಟ್ಗೆ ಹೆಂಗೂ ಕಾಲಿ ಬಿದ್ದದಲ್ಲ."